ಏಳನೆಯ ಸಂಖ್ಯೆಯ ಜೇನುನೊಣಗಳು

2023ನೆಯ ಇಸವಿಯಲ್ಲಿ ನನಗೆ ಐವತ್ತೊಂದು ವರ್ಷ. ಶಿವಮೊಗ್ಗದ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ಕನ್ನಡ ಕಲಿಸಿ, ಸ್ವಯಂ ನಿವೃತ್ತಿ ಪಡೆದು, ಅದೇ ಊರಿನ ಒಂದು ಛಾಯಾಗ್ರಹಣ ತರಬೇತಿ ಕೇಂದ್ರದಲ್ಲಿ ವಿಮರ್ಶಕನ ಹುದ್ದೆಯಲ್ಲಿದ್ದೆ. ಪ್ರತಿ ತಿಂಗಳ ಕೊನೆಯ ಭಾನುವಾರ ಅಭ್ಯಾಸಿಗಳು ತಂದ ನಿಸರ್ಗಚಿತ್ರಗಳನ್ನು ಪರದೆಯ ಮೇಲೆ ನೋಡಿ, ಪ್ರತಿಯೊಂದಕ್ಕೂ ಲಿಖಿತ ಷರಾ ಕೊಡುವುದು ನನ್ನ ಕೆಲಸ. ಉತ್ತರಪತ್ರಿಕೆ ತಿದ್ದಿದ ಕೈಗೆ ಈ ಕೆಲಸ ಹೊಸದೆನ್ನಿಸಲಿಲ್ಲ. ಕೆಂಪು ಶಾಯಿಯ ಪೆನ್ನನ್ನೂ ನಾನು ಬದಲಾಯಿಸಿರಲಿಲ್ಲ.

ನನ್ನ ವಿಭಾಗ ಮ್ಯಾಕ್ರೋ. ಕೀಟ, ಜೇಡ, ಹಾವಸೆ, ಹೂವಿನ ಕೇಸರ ಮೊದಲಾದ ಚಿಕ್ಕ ವಸ್ತುಗಳನ್ನು ಬಹಳ ಹತ್ತಿರದಿಂದ, ಅವುಗಳ ನಿಜಗಾತ್ರಕ್ಕಿಂತ ಕಡಿಮೆಯಾಗದಂತೆ ಸೆರೆಹಿಡಿಯುವ ವಿಧಾನ ಇದು. ಅಷ್ಟು ಹತ್ತಿರ ಹೋದಾಗ ಲೆನ್ಸಿಗೆ ಸ್ಪಷ್ಟವಾಗಿ ಕಾಣುವ ಆಳ ಬಹಳ ತೆಳುವಾಗುತ್ತದೆ. ಇದನ್ನು ಡೆಪ್ತ್ ಆಫ್ ಫೀಲ್ಡ್ ಎನ್ನುತ್ತಾರೆ. ನೊಣದ ಕಣ್ಣು ಸ್ಪಷ್ಟವಾದರೆ ರೆಕ್ಕೆ ಮಸುಕು. ರೆಕ್ಕೆ ಸ್ಪಷ್ಟವಾದರೆ ಕಣ್ಣು ಮಸುಕು. ಇಡೀ ದೇಹ ಸ್ಪಷ್ಟವಾಗಬೇಕಾದರೆ ಫೋಕಸ್ಸನ್ನು ಕೂದಲೆಳೆಯಷ್ಟು ಸರಿಸುತ್ತ ಹಲವು ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಒಂದಾಗಿಸಬೇಕು. ಅದಕ್ಕೆ ಸ್ಟ್ಯಾಕಿಂಗ್ ಎಂದು ಹೆಸರು. ಅಷ್ಟು ಹೊತ್ತು ಕೀಟ ಅಲುಗಾಡಬಾರದು. ಜೀವಂತ ಕೀಟ ಅಲುಗಾಡದೆ ಇರುವುದು ಅಪರೂಪ. ಆದ್ದರಿಂದ ಈ ಕ್ಷೇತ್ರದಲ್ಲಿ ಒಂದು ಕೆಟ್ಟ ಅಭ್ಯಾಸವಿದೆ. ಕೀಟವನ್ನು ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸುವುದು, ಅಥವಾ ಕೊಂದೇ ಬಿಟ್ಟು ಕಡ್ಡಿಗೆ ಗೋಂದಿನಿಂದ ಅಂಟಿಸುವುದು. ಮೇಲೆ ನೀರು ಸಿಂಪಡಿಸಿ ಮುಂಜಾನೆಯ ಇಬ್ಬನಿ ಎಂದು ಹೇಳಿಕೊಳ್ಳುವುದು. ನಮ್ಮ ಕೇಂದ್ರದಲ್ಲಿ ಇದಕ್ಕೆ ಕ್ಷಮೆಯಿರಲಿಲ್ಲ. ಅತಿ ಚೆನ್ನಾಗಿರುವ ಚಿತ್ರ ಬಂದಾಗ ಮೊದಲು ಅನುಮಾನಪಡಬೇಕೆಂಬುದು ನಮ್ಮಲ್ಲಿ ಬರೆಯದ ನಿಯಮವಾಗಿತ್ತು. ಆ ನಿಯಮ ನನ್ನ ಸ್ವಭಾವಕ್ಕೂ ಹೊಂದುತ್ತಿತ್ತು.

ಬರೆದ ನಿಯಮ ಇನ್ನೊಂದಿತ್ತು. ಚಿತ್ರದ ಮೇಲೆ ಹೆಸರಿರಬಾರದು, ವರ್ಷದ ಆರಂಭದಲ್ಲಿ ಕೊಟ್ಟ ಸಂಖ್ಯೆ ಮಾತ್ರ ಇರಬೇಕು. ವಿಮರ್ಶೆ ನಡೆಯುವಾಗ ಚಿತ್ರ ತೆಗೆದವರು ಸಭೆಯಲ್ಲಿ ಕುಳಿತಿರಬೇಕು, ಆದರೆ ಬಾಯಿ ತೆರೆಯಬಾರದು. ಎಲ್ಲ ಮುಗಿದ ಮೇಲೆ ‘ಧನ್ಯವಾದ’ ಎಂದಷ್ಟೇ ಹೇಳಬೇಕು. ಈ ನಿಯಮ ಮಾಡಿದವನು ನಾನೇ. ನಾನು ಬರುವ ಮೊದಲು ಪ್ರತಿಯೊಬ್ಬರೂ ಚಿತ್ರಕ್ಕಿಂತ ಉದ್ದದ ಕಥೆ ಹೇಳುತ್ತಿದ್ದರು. ಸಕ್ರೆಬೈಲಿನ ಕಾಡುದಾರಿಯಲ್ಲಿ ರಕ್ತ ಹೀರುವ ಉಂಬಳ ಕಚ್ಚಿದ್ದು, ಒಂದೇ ಕಾಲಿನಲ್ಲಿ ಕೆಸರಿನಲ್ಲಿ ನಿಂತಿದ್ದು, ಹೆಂಡತಿ ಬೈದಿದ್ದು. ಕಥೆ ಕೇಳಿ ಕರಗಿದವರು ಮಸುಕು ಚಿತ್ರಕ್ಕೂ ಚಪ್ಪಾಳೆ ತಟ್ಟುತ್ತಿದ್ದರು. ವಾಕ್ಯ ಓದುಗನ ಕೈ ಸೇರಿದ ಮೇಲೆ ಬರೆದವನು ಬಂದು ಪಕ್ಕದಲ್ಲಿ ನಿಂತು ಅರ್ಥ ಹೇಳುವುದಿಲ್ಲ. ಚಿತ್ರಕ್ಕೂ ಅದೇ ಶಿಸ್ತು ಬೇಕೆಂದು ನಾನು ವಾದಿಸಿದ್ದೆ. ಎಲ್ಲರೂ ಒಪ್ಪಿದ್ದರು.

ಆ ವರ್ಷದ ಸೆಪ್ಟೆಂಬರ್ ಸಭೆಯಲ್ಲಿ ಏಳನೆಯ ಸಂಖ್ಯೆಯ ಮೂರು ಚಿತ್ರಗಳು ಪರದೆಗೆ ಬಂದವು. ಮೂರರಲ್ಲೂ ಒಂದು ಒಣ ಕಡ್ಡಿ, ಅದರ ಮೇಲೆ ಒಂದೊಂದು ಜೇನುನೊಣ. ಕಪ್ಪು ಹೊಟ್ಟೆಗೆ ಅಡ್ಡಲಾಗಿ ಹೊಳೆಯುವ ನೀಲಿ ಪಟ್ಟಿಗಳು, ದೊಡ್ಡ ಹಸಿರು ಕಣ್ಣುಗಳು. ಕಣ್ಣಿನಿಂದ ಹೊಟ್ಟೆಯ ತುದಿಯವರೆಗೆ ಒಂದೊಂದು ರೋಮವೂ ಎಣಿಸುವಷ್ಟು ಸ್ಪಷ್ಟ. ಸಭೆಯಲ್ಲಿ ಯಾರೋ ಶಿಳ್ಳೆ ಹಾಕಿದರು.

ನನ್ನ ಜೊತೆ ವಿಮರ್ಶೆಗೆ ಕೂರುತ್ತಿದ್ದವರು ಡಾ. ವಿಶ್ವನಾಥ್. ವೃತ್ತಿಯಿಂದ ದಂತವೈದ್ಯರು, ಹವ್ಯಾಸದಿಂದ ಜೇಡಗಳ ಛಾಯಾಗ್ರಾಹಕರು. ಅವರು ಕುರ್ಚಿಯಿಂದ ಮುಂದೆ ಬಾಗಿ, “ಫೋಕಸ್ ಚೆನ್ನಾಗಿದೆ. ಆದ್ರೆ ಮಾರಾಯ್ರೆ, ಇದು ಸತ್ತಿದೆ” ಎಂದರು.

ನಾನೂ ಅದನ್ನೇ ನೋಡುತ್ತಿದ್ದೆ. ನೊಣದ ಆರು ಕಾಲುಗಳಲ್ಲಿ ಒಂದೂ ಕಡ್ಡಿಗೆ ತಾಗಿರಲಿಲ್ಲ. ಎಲ್ಲವೂ ಹೊಟ್ಟೆಯ ಕಡೆ ಮಡಿಚಿಕೊಂಡಿದ್ದವು. ಸತ್ತ ಕೀಟದ ಕಾಲುಗಳು ಹಾಗೆಯೇ ಮಡಿಚಿಕೊಳ್ಳುತ್ತವೆ. ದೇಹ ಕಡ್ಡಿಯಿಂದ ಅಡ್ಡಲಾಗಿ ಗಾಳಿಯಲ್ಲಿ ಚಾಚಿಕೊಂಡಿತ್ತು, ಮುಖ ಮಾತ್ರ ಕಡ್ಡಿಗೆ ಅಂಟಿತ್ತು. ಮೂರು ಚಿತ್ರಗಳ ಕಡ್ಡಿಯಲ್ಲೂ ಮೇಲ್ಭಾಗದಲ್ಲಿ ಮುರಿದ ಅದೇ ಕವಲು. ಮೂರನೆಯ ಚಿತ್ರದಲ್ಲಿ ನೊಣದ ಬೆನ್ನ ಮೇಲೆ ನೀರಿನ ಹನಿಗಳಿದ್ದವು; ಪಕ್ಕದಲ್ಲೇ ಇದ್ದ ಎಲೆ ಒಂದು ಹನಿಯೂ ಇಲ್ಲದೆ ಒಣಗಿತ್ತು. ಇಬ್ಬನಿ ಒಬ್ಬರನ್ನು ಆರಿಸಿ ಬೀಳುವುದಿಲ್ಲ.

“ಫ್ರಿಜ್ಜು, ಆಮೇಲೆ ಫೆವಿಕ್ವಿಕ್ಕು” ಎಂದರು ಡಾಕ್ಟರು. ಸಭೆ ನಕ್ಕಿತು.

ಹಿಂದಿನ ಸಾಲಿನಲ್ಲಿ ಒಬ್ಬ ಹೆಣ್ಣುಮಗಳು ಕ್ಯಾಮೆರಾದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ಕುಳಿತಿದ್ದರು. ಸಂಖ್ಯೆ ಯಾರದೆಂದು ಹೇಳುವಂತಿರಲಿಲ್ಲವಾದರೂ ಮುಖ ಹೇಳುತ್ತಿತ್ತು. ನಾನು ಕೆಂಪು ಶಾಯಿಯಲ್ಲಿ, ‘ತಾಂತ್ರಿಕವಾಗಿ ಉತ್ತಮ. ಕೀಟವು ಜೀವಂತವಾಗಿದೆ ಎಂಬ ನಂಬಿಕೆ ಮೂಡುವುದಿಲ್ಲ. ಕೇಂದ್ರದ ನೀತಿಯನ್ನು ಗಮನಿಸಿ’ ಎಂದು ಬರೆದೆ. ಕೊನೆಯಲ್ಲಿ ಅವರು ಎದ್ದು “ಥ್ಯಾಂಕ್ಸ್ ಸಾರ್” ಎಂದು ಕುಳಿತರು. ತಪ್ಪು ಮಾಡದವರು ಇಷ್ಟು ಸುಲಭವಾಗಿ ಥ್ಯಾಂಕ್ಸ್ ಹೇಳುತ್ತಾರೆಯೇ ಎಂದು ನನಗನ್ನಿಸಿತು. ಬೇರೇನನ್ನೂ ಹೇಳಲು ನಿಯಮ ಬಿಡುತ್ತಿರಲಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಮರುದಿನ ಕೇಂದ್ರದ ಮಾಲೀಕ ನಾಗಭೂಷಣ ನನ್ನನ್ನು ಒಳಗೆ ಕರೆದ. ನನಗಿಂತ ಚಿಕ್ಕವನು, ಯಾವ ಕೆಲಸವನ್ನೂ ಎರಡು ದಿನಕ್ಕಿಂತ ಹೆಚ್ಚು ಮುಂದೂಡಲು ತಾಳ್ಮೆಯಿಲ್ಲದವನು.

“ಮೇಷ್ಟ್ರೇ, ಏಳನೇ ನಂಬರ್ ಯಾರು ಗೊತ್ತಾಯ್ತಲ್ಲ? ಸೆಲ್ವಿ. ಭದ್ರಾವತಿ ಜನ್ನಾಪುರದವರು. ನಾವು ಅಲ್ಲಿ ವೀಕೆಂಡ್ ಕ್ಲಾಸ್ ಶುರು ಮಾಡ್ತೀವಲ್ಲ, ಅದಕ್ಕೆ ಟೀಚರ್ ಅಂತ ಅವರನ್ನೇ ಇಟ್ಕೊಳ್ಳೋಣ ಅಂತಿದ್ದೆ. ನಿಮ್ಮ ಷರಾ ನೋಡಿದ್ಮೇಲೆ ಕೊಡ್ಲೋ ಬೇಡ್ವೋ ಗೊತ್ತಾಗ್ತಿಲ್ಲ.”

“ಅನುಮಾನವಿದೆ ಎಂದಷ್ಟೇ ಬರೆದಿದ್ದೇನೆ” ಎಂದೆ.

“ನೀವು ಅನುಮಾನ ಅಂದ್ರೆ ಊರೆಲ್ಲ ಖಾತ್ರಿ ಅನ್ನತ್ತೆ. ಅವರ ಸ್ಟುಡಿಯೋ ಮುಚ್ಚೋ ಹಂತದಲ್ಲಿದೆ ಮಾರಾಯ್ರೆ. ಪಾಸ್‌ಪೋರ್ಟ್ ಫೋಟೋನೂ ಜನ ಮೊಬೈಲಲ್ಲೇ ತೆಗೀತಾರೆ. ಈ ಕೆಲಸ ನಂಬ್ಕೊಂಡಿದಾರೆ. ಕೊಡೋದಾದ್ರೆ ಕೊಡೋಣ, ಇಲ್ಲ ಅಂದ್ರೆ ಇಲ್ಲ ಅಂದ್ಬಿಡೋಣ. ಕೀಟ ಸಾಯಿಸೋರ ಕೈಲಿ ಮಕ್ಕಳಿಗೆ ಪಾಠ ಹೇಳ್ಸಕ್ಕಾಗಲ್ಲ.”

ಕೆಲಸದ ಜೊತೆ ಹೆಸರೂ ಹೋಗುವ ಪ್ರಶ್ನೆ ಅದು. ಶಿವಮೊಗ್ಗ–ಭದ್ರಾವತಿಯ ಛಾಯಾಗ್ರಾಹಕರ ಬಳಗ ಬಹಳ ಚಿಕ್ಕದು. ಇಲ್ಲಿ ‘ಫ್ರಿಜ್ಜಿನವರು’ ಎಂಬ ಅಡ್ಡಹೆಸರು ಒಮ್ಮೆ ಬಿದ್ದರೆ ಮದುವೆಯ ಆರ್ಡರೂ ಬರುವುದಿಲ್ಲ. ಇನ್ನೊಂದು ತಿಂಗಳು ನೋಡೋಣ ಎಂದು ನಾನು ಹೇಳಿದೆ. ನನಗೆ ಕರುಣೆ ಬಂದಿತ್ತೆಂದು ಓದುಗರು ತಿಳಿಯಬಾರದು; ಇನ್ನಷ್ಟು ಸಾಕ್ಷಿ ಬೇಕಾಗಿತ್ತು.

ಅಕ್ಟೋಬರ್ ಸಭೆಗೆ ಏಳನೆಯ ಸಂಖ್ಯೆಯಿಂದ ಮತ್ತೆ ಮೂರು ಚಿತ್ರಗಳು ಬಂದವು. ಮೊದಲನೆಯದರಲ್ಲಿ ಅದೇ ಕಡ್ಡಿ, ಅದೇ ಮುರಿದ ಕವಲು. ಈ ಬಾರಿ ಕಡ್ಡಿಯ ಉದ್ದಕ್ಕೂ ಐದು ನೊಣಗಳು ಸಾಲಾಗಿ ಮುಖ ಅಂಟಿಸಿಕೊಂಡಿದ್ದವು. ಎರಡನೆಯದರಲ್ಲಿ ಅವುಗಳಲ್ಲೊಂದು ಹಿಂಗಾಲೊಂದನ್ನು ಮೇಲೆತ್ತಿ ಹಿಡಿದಿತ್ತು. ಮೂರನೆಯದರಲ್ಲಿ ಬರಿಯ ಕಡ್ಡಿ. ನೊಣವೇ ಇಲ್ಲ.

“ಹೋದ್ಸಲ ಬಿಡಿ ಮಾರಾಟ, ಈ ಸಲ ಹೋಲ್‌ಸೇಲು” ಎಂದರು ಡಾಕ್ಟರು. “ಒಂದರ ಕಾಲು ಸರಿಯಾಗಿ ಅಂಟಿಲ್ಲ ನೋಡಿ. ಮೂರನೇದ್ರಲ್ಲಿ ಗೋಂದೇ ಖಾಲಿ.”

ಈ ಸಲ ನಗು ಮೊದಲಿಗಿಂತ ಜೋರಾಗಿತ್ತು. ನನಗೆ ನಗು ಬರಲಿಲ್ಲ. ಒಂದು ತಪ್ಪಿಗೆ ಷರಾ ಬರೆದ ಮೇಲೆ ವಿದ್ಯಾರ್ಥಿ ಅದೇ ತಪ್ಪನ್ನು ಐದು ಸಲ ಮಾಡಿ ತಂದರೆ ಅದು ಅಜ್ಞಾನವಾಗಿರಲಾರದು. ಒಂದೋ ಉದ್ಧಟತನ, ಇಲ್ಲವೇ ನಾನು ಓದಲಾರದ ಏನೋ ಇದೆ. ಬರಿಯ ಕಡ್ಡಿಯ ಚಿತ್ರ ನನ್ನನ್ನು ಕಾಡಿತು. ಮೋಸ ಮಾಡುವವರು ಖಾಲಿ ಕಡ್ಡಿಯನ್ನೇಕೆ ತರುತ್ತಾರೆ? ಷರಾ ಬರೆಯದೆ ಕಾಗದವನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡೆ. ಸೆಲ್ವಿ ಎದ್ದು ಥ್ಯಾಂಕ್ಸ್ ಹೇಳಿದರು. ಈ ಸಲ ‘ಸಾರ್’ ಇರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ, ಹೇಳದೆ ಕೇಳದೆ ಭದ್ರಾವತಿಯ ಬಸ್ಸು ಹತ್ತಿದೆ. ಮುಂಚೆ ತಿಳಿಸಿದರೆ ಸಾಕ್ಷಿ ಜಾಗ ಬದಲಿಸುತ್ತದೆ ಎಂಬುದು ಪರೀಕ್ಷಾ ಕೊಠಡಿಯಲ್ಲಿ ಕಲಿತ ಪಾಠ. ಮಲವಗೊಪ್ಪ ದಾಟುವಾಗ, ಏನೆಂದು ಹೇಳಿಕೊಂಡು ಒಳಗೆ ಹೋಗುವುದೆಂದು ಯೋಚಿಸಿದೆ. ಹೊಸ ತರಗತಿಗೆ ಜಾಗ ನೋಡಲು ಬಂದೆನೆನ್ನುವುದು ಸುಳ್ಳಾಗುತ್ತಿರಲಿಲ್ಲ. ನಿಜವಾದ ಉದ್ದೇಶ ಅವರ ಮನೆಯ ಫ್ರಿಜ್ಜು.

ಜನ್ನಾಪುರದಲ್ಲಿ ಮನೆಯ ಮುಂಭಾಗವೇ ಸ್ಟುಡಿಯೋ. ಗಾಜಿನ ಹಿಂದೆ ಬಣ್ಣ ಮಾಸಿದ ಮದುವೆಯ ಜೋಡಿಗಳು. ಬಾಗಿಲಲ್ಲಿ ಸೆಲ್ವಿಯವರ ಅತ್ತೆ ಹೂ ಕಟ್ಟುತ್ತ ಕುಳಿತಿದ್ದರು. ಕಾರ್ಖಾನೆ ಕೆಲಸಕ್ಕಾಗಿ ತಮಿಳುನಾಡಿನ ಕಡೆಯಿಂದ ಬಂದು ನೆಲೆಸಿದ ಮನೆತನ.

“ವಾಂಗ ಸಾರ್, ಬನ್ನಿ ಬನ್ನಿ. ಸೆಲ್ವಿ, ಯಾರೋ ದೊಡ್ಡ ಮನುಷ್ಯರು ಬಂದವ್ರೆ. ಕಾಪಿ ಕುಡೀತೀರಾ?”

“ಕಾಫಿ ಬೇಡಮ್ಮ. ಸ್ವಲ್ಪ ತಣ್ಣೀರು ಸಿಗಬಹುದೇ? ಫ್ರಿಜ್ಜಿನದು.”

ಆಕೆ ನನ್ನ ಸ್ವೆಟರನ್ನು ನೋಡಿದರು. “ಈ ಚಳೀಲಿ ಐಸ್ ವಾಟರಾ? ಗಂಟ್ಲು ಕಟ್ಕೊಳ್ಳಲ್ವಾ ಸಾಮಿ?” ಎನ್ನುತ್ತಲೇ ಎದ್ದು ಫ್ರಿಜ್ಜಿನ ಬಾಗಿಲು ತೆರೆದರು. ನಾನೂ ನೀರಿಗೆ ಕೈ ಚಾಚುವವನಂತೆ ಹಿಂದೆಯೇ ಹೋದೆ. ಇಡ್ಲಿ ಹಿಟ್ಟಿನ ಪಾತ್ರೆ, ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ, ಹಾಲಿನ ಪ್ಯಾಕೆಟ್ಟು. ಕೆಳಗಿನ ತಟ್ಟೆಯ ಮೂಲೆಯಲ್ಲಿ ಮುಚ್ಚಳ ಬಿಗಿದ ಪ್ಲಾಸ್ಟಿಕ್ ಡಬ್ಬಿಯೊಂದಿತ್ತು. ಒಳಗೆ ಕಪ್ಪಗೆ ಏನೋ ಚೂರುಚೂರಾಗಿ ಕಾಣುತ್ತಿತ್ತು.

“ಅದೇನು?” ಎಂದೆ.

“ಅದಾ? ಮುಟ್ಬೇಡಿ. ಅವರು ಇಟ್ಟಿದ್ದು, ನನ್ನ ಯಜಮಾನ್ರು. ಅವರು ಹೋಗಿ ಆರು ವರ್ಷ ಆಯ್ತು. ಇವಳು ಬಿಸಾಕಕ್ಕೆ ಬಿಡಲ್ಲ.”

ಒಳಗಿನಿಂದ ಬಂದ ಸೆಲ್ವಿ ಡಬ್ಬಿಯನ್ನು ತಾವೇ ತೆಗೆದು ಮುಚ್ಚಳ ಬಿಚ್ಚಿ ನನ್ನ ಮುಂದೆ ಹಿಡಿದರು. ಒಳಗಿದ್ದವು ಬಳಸದ ಫಿಲ್ಮ್ ರೋಲುಗಳು. ಡಿಜಿಟಲ್ ಬರುವ ಮೊದಲು ಪ್ರತಿ ಸ್ಟುಡಿಯೋದವರೂ ಫಿಲ್ಮು ಕೆಡದಿರಲೆಂದು ತಣ್ಣಗಿನ ಜಾಗದಲ್ಲಿಡುತ್ತಿದ್ದರು. ಆ ಪದ್ಧತಿ ನನಗೂ ಗೊತ್ತಿತ್ತು.

“ನೋಡಿದ್ರಾ ಸಾರ್? ತರಕಾರಿ ಟ್ರೇನೂ ಎಳೆದು ತೋರಿಸ್ಲಾ? ಮೇಲ್ಗಡೆ ಫ್ರೀಜರ್ರೂ ಇದೆ.”

ನಾನು ನೀರು ಕುಡಿದೆ. ಹಲ್ಲು ಜುಮ್ಮೆಂದಿತು. ಕುಡಿಯದೆ ಬೇರೆ ದಾರಿಯಿರಲಿಲ್ಲ.

“ಫ್ರಿಜ್ಜಿನಲ್ಲಿ ಇಲ್ಲ ಎಂದ ಮಾತ್ರಕ್ಕೆ ನನ್ನ ಪ್ರಶ್ನೆ ಮುಗಿಯುವುದಿಲ್ಲ” ಎಂದೆ. “ಆ ನೊಣಗಳ ಕಾಲು ಕಡ್ಡಿಗೆ ತಾಗಿಲ್ಲ. ಏಕೆ?”

ಸೆಲ್ವಿ ಡಬ್ಬಿಯನ್ನು ಒಳಗಿಟ್ಟು ಫ್ರಿಜ್ಜಿನ ಬಾಗಿಲು ಮುಚ್ಚಿದರು. “ಎರಡು ತಿಂಗಳಿಂದ ಇದನ್ನೇ ಯಾರಾದ್ರೂ ಕೇಳ್ತಾರಾ ಅಂತ ಕಾಯ್ತಿದ್ದೆ. ಬನ್ನಿ ಸಾರ್, ಹೊತ್ತು ಮುಳುಗೋ ಮುಂಚೆ ಹೋಗೋಣ. ಪ್ಯಾಂಟ್ ಮಡಚ್ಕೊಳ್ಳಿ.”

ಎರಡು ಬೀದಿಯಾಚೆ ಕಾರ್ಖಾನೆಯ ಖಾಲಿ ಬಿದ್ದ ಕ್ವಾರ್ಟರ್ಸಿನ ಸಾಲಿತ್ತು. ಒಂದು ಮನೆಯ ಹಿತ್ತಿಲಲ್ಲಿ ಉತ್ತರಾಣಿ ಗಿಡಗಳು ಎದೆಯೆತ್ತರಕ್ಕೆ ಬೆಳೆದು ಒಣಗಿದ್ದವು. ಅದರ ಮುಳ್ಳುಕಾಳುಗಳು ಬಟ್ಟೆಗೆಲ್ಲ ಅಂಟಿಕೊಂಡವು. ಕುಸಿದ ಬಚ್ಚಲಮನೆಯ ಗೋಡೆಯ ಪಕ್ಕದಲ್ಲಿ ನನಗೆ ಪರಿಚಿತವಾದ ಕಡ್ಡಿ ಕಂಡಿತು. ಮೇಲೆ ಅದೇ ಮುರಿದ ಕವಲು. ಖಾಲಿಯಾಗಿತ್ತು. ಸಭೆಯಲ್ಲಿ ನೋಡಿದ ಮೂರನೆಯ ಚಿತ್ರವೇ ಎದುರಿಗೆ ನಿಂತಂತಾಯಿತು.

“ಕೂತ್ಕೊಳ್ಳಿ. ಮಾತಾಡ್ಬೇಡಿ. ಇವತ್ತು ನಿಮ್ಮ ರೂಲು ನಿಮಗೆ” ಎಂದರು.

ಬೆಳಕು ಹಳದಿಯಾಗುತ್ತಿದ್ದಂತೆ ಒಂದು ನೊಣ ಸಣ್ಣಗೆ ಗುಂಯ್‌ಗುಡುತ್ತ ಬಂದು ಕಡ್ಡಿಯ ಸುತ್ತ ಎರಡು ಸುತ್ತು ಹಾರಿ ಕುಳಿತಿತು. ಕುಳಿತದ್ದು ಕಾಲಿನ ಮೇಲೆಯೇ. ಆಮೇಲೆ ಬಾಯಿಯಿಂದ ಕಡ್ಡಿಯನ್ನು ಕಚ್ಚಿಕೊಂಡಿತು. ಕಚ್ಚು ಬಿಗಿಯಾದ ಮೇಲೆ ಒಂದೊಂದೇ ಕಾಲನ್ನು ಕಡ್ಡಿಯಿಂದ ಬಿಡಿಸಿ ಹೊಟ್ಟೆಗೆ ಮಡಿಚಿಕೊಂಡು, ದೇಹವನ್ನು ಗಾಳಿಯಲ್ಲಿ ಚಾಚಿ, ನಿಶ್ಚಲವಾಯಿತು. ಎರಡನೆಯದು ಬಂತು. ಮೂರನೆಯದು ಬಂದು ಜಾಗಕ್ಕಾಗಿ ಎರಡನೆಯದನ್ನು ತಳ್ಳಾಡಿತು. ಅವು ನಿದ್ದೆಗೆ ಬಂದಿದ್ದವು. ನನಗೆ ಆಗಲೂ ಪೂರ್ತಿ ನಂಬಿಕೆ ಬರದೆ, ಹತ್ತಿರ ಬಾಗಿ ಒಂದರ ಮೇಲೆ ಮೆಲ್ಲಗೆ ಉಸಿರು ಬಿಟ್ಟೆ. ಅದು ಕಚ್ಚು ಬಿಡದೆ ಹಿಂಗಾಲೊಂದನ್ನು ಮೇಲೆತ್ತಿತು. ಬೆಳಗಿನ ನಿದ್ದೆಯಲ್ಲಿ ಎಬ್ಬಿಸಿದ ಹುಡುಗ ‘ಹೋಗು’ ಎಂದು ಕೈ ಎತ್ತುವ ಹಾಗೆ. ಅಕ್ಟೋಬರಿನ ಎರಡನೆಯ ಚಿತ್ರ!

ನೀಲಿಪಟ್ಟಿಯ ಈ ಒಂಟಿಜೇನುಗಳು ಗೂಡಿನಲ್ಲಿ ಒಟ್ಟಾಗಿ ಬಾಳುವುದಿಲ್ಲ. ಗಂಡುಗಳು ಸಂಜೆಯಾದರೆ ಒಂದು ಒಣ ಕಡ್ಡಿಯನ್ನು ಹಿಡಿದು ಮಲಗುತ್ತವೆ, ಬಹಳ ದಿನ ಅದೇ ಕಡ್ಡಿಗೆ ಮರಳುತ್ತವೆ. ಇದನ್ನು ನಾನು ಆಮೇಲೆ ಓದಿ ತಿಳಿದದ್ದು. ಸೆಲ್ವಿಯವರಿಗೂ ಹೆಸರು ಗೊತ್ತಿರಲಿಲ್ಲ. ಮೊದಲ ಸಲ ಕಂಡಾಗ ಯಾರೋ ಔಷಧಿ ಹೊಡೆದು ಸತ್ತಿವೆಯೆಂದೇ ಅವರೂ ಭಾವಿಸಿದ್ದರಂತೆ. ನಮ್ಮ ಕೇಂದ್ರದ ಯಾರಿಗೂ ಇದು ಕಾಣದಿರಲು ಒಂದು ಕಾರಣವಿತ್ತು. ನಮ್ಮ ಕ್ಷೇತ್ರಪ್ರವಾಸಗಳು ಬಸ್‌ಸ್ಟ್ಯಾಂಡಿನ ಬಳಿ ಎಲ್ಲರೂ ಸೇರಿ ಇಡ್ಲಿ-ವಡೆ ಮುಗಿಸಿದ ಮೇಲೆ ಶುರುವಾಗಿ, ಸಂಜೆಯ ಕಾಫಿಯ ಹೊತ್ತಿಗೆ ಮುಗಿಯುತ್ತಿದ್ದವು. ನಾವು ಕಂಡಿದ್ದ ಕೀಟಗಳೆಲ್ಲ ಎದ್ದು ಕೆಲಸಕ್ಕೆ ಹೊರಟಂಥವು. ನಿದ್ದೆಯಲ್ಲಿರುವ ಕೀಟ ಹೇಗಿರುತ್ತದೆಂದು ನೋಡದವರು, ನಿಶ್ಚಲವಾದದ್ದೆಲ್ಲ ಸತ್ತದ್ದು ಎಂದು ತೀರ್ಮಾನಿಸಿದ್ದೆವು.

ಹಿಂದಿರುಗುವಾಗ ಇನ್ನುಳಿದ ಪ್ರಶ್ನೆ ಕೇಳಿದೆ. “ಸೆಪ್ಟೆಂಬರಿನ ಮೂರನೆಯ ಚಿತ್ರ. ಬೆನ್ನ ಮೇಲೆ ಹನಿಗಳಿದ್ದವು, ಪಕ್ಕದ ಎಲೆ ಒಣಗಿತ್ತು.”

ಅವರ ಹೆಜ್ಜೆ ನಿಂತಿತು. “ಅದು ನಾನೇ ಹೊಡೆದಿದ್ದು ಸಾರ್. ಸ್ಪ್ರೇ ಬಾಟ್ಲಲ್ಲಿ.”

“ಏಕೆ?”

“ಆಗಸ್ಟ್ ಮೀಟಿಂಗಲ್ಲಿ ಇನ್ಯಾರದೋ ಚಿಟ್ಟೆ ಫೋಟೋಗೆ ನೀವು ‘ಹನಿಗಳಿಂದ ಚಿತ್ರಕ್ಕೆ ಜೀವಕಳೆ ಬಂದಿದೆ’ ಅಂತ ಬರೆದ್ರಿ. ನಂದ್ರಲ್ಲಿ ಹನಿ ಇರ್ಲಿಲ್ಲ. ಕೆಲಸ ಬೇಕಿತ್ತು. ಹೊಡೆದೆ. ನೊಣಕ್ಕೆ ಏನೂ ಆಗ್ಲಿಲ್ಲ, ಬೆಳಗ್ಗೆ ಹಾರ್ಹೋಯ್ತು. ಆದ್ರೂ ಹೊಡೆದಿದ್ದು ಹೊಡೆದಿದ್ದೇ.”

ನನ್ನ ಅನುಮಾನ ಹೀಗೆ ಒಂದು ಕಡೆ ಪೂರ್ತಿ ಸುಳ್ಳಾಗಿ, ಇನ್ನೊಂದು ಕಡೆ ಪೂರ್ತಿ ನಿಜವಾಗಿ, ನನ್ನನ್ನು ಇಕ್ಕಟ್ಟಿಗೆ ಸಿಲುಕಿಸಿತು. ಬಸ್ಸಿಗೆ ಕಾಯುತ್ತಿರುವಾಗ, ನನ್ನ ವಿಮರ್ಶೆಯ ಬಗ್ಗೆ ಅವರಿಗೆ ಏನನ್ನಿಸುತ್ತದೆಂದು ಕೇಳಿದೆ. ನಿಯಮದಂತೆ ಬಾಯಿ ಮುಚ್ಚಿ ಕೇಳುತ್ತೇನೆ ಎಂದೂ ಮಾತು ಕೊಟ್ಟೆ.

“ಹೇಳ್ಲಾ? ಬೇಜಾರು ಮಾಡ್ಕೋಬಾರ್ದು. ನಿಮ್ಮ ಕಣ್ಣು ಬಹಳ ಚುರುಕು ಸಾರ್. ಒಣಗಿದ ಎಲೆ ಪಕ್ಕ ಒದ್ದೆ ನೊಣ ಇದೆ ಅಂತ ಬೇರೆ ಯಾರೂ ನೋಡ್ತಿರ್ಲಿಲ್ಲ. ಆದ್ರೆ ನೀವು ಅದನ್ನ ಬರೆಯಲ್ಲ. ತೀರ್ಪು ಮಾತ್ರ ಬರೀತೀರಿ. ‘ನಂಬಿಕೆ ಮೂಡುವುದಿಲ್ಲ’ ಅಂದ್ರೆ ನಾನೇನು ಮಾಡ್ಲಿ? ‘ಕಾಲು ತಾಗಿಲ್ಲ, ಯಾಕೆ?’ ಅಂತ ಬರೆದಿದ್ರೆ, ತೋರಿಸೋದು ಏನು ಅಂತ ನಂಗೆ ಗೊತ್ತಾಗ್ತಿತ್ತು. ಮಾತಾಡೋ ಹಾಗಿಲ್ಲವಲ್ಲ ಅಂತ ಫೋಟೋದಲ್ಲೇ ಉತ್ತರ ತಂದೆ. ಒಂದಲ್ಲ, ಐದು ನೋಡಿ. ಕಾಲು ಎತ್ತಿದ್ದು ನೋಡಿ. ಹಾರ್ಹೋಗಿದ್ದು ನೋಡಿ ಅಂತ. ಡಾಕ್ಟ್ರು ಹೋಲ್‌ಸೇಲ್ ಅಂದ್ರು. ನೀವು ಪೇಪರ್ ಮಡಚಿ ಜೇಬಿಗಿಟ್ಕೊಂಡ್ರಿ.”

ನನಗೆ ಹೇಳಲು ಮೂರು ಸಮರ್ಥನೆಗಳಿದ್ದವು. ಮೂರನ್ನೂ ನುಂಗಿಕೊಂಡು, ಬಸ್ಸು ಬಂದಾಗ “ಧನ್ಯವಾದ” ಎಂದೆ. ಆ ಒಂದು ಪದಕ್ಕೇ ಮಾತು ನಿಲ್ಲಿಸುವುದು ಎಷ್ಟು ಕಷ್ಟವೆಂದು ನಿಯಮ ಮಾಡುವಾಗ ನಾನು ಯೋಚಿಸಿರಲಿಲ್ಲ. ಶಿವಮೊಗ್ಗ ತಲುಪುವವರೆಗೂ ಪ್ಯಾಂಟಿನಿಂದ ಉತ್ತರಾಣಿಯ ಕಾಳು ಕೀಳುತ್ತ ಕುಳಿತೆ.

ನವೆಂಬರ್ ಸಭೆಯಲ್ಲಿ ನಿಯಮ ಬದಲಾಯಿಸುವುದಾಗಿ ಹೇಳಿದೆ. ಇನ್ನು ಮುಂದೆ ವಿಮರ್ಶಕರು ಮೊದಲು ತಾವು ಕಂಡದ್ದನ್ನು ಹೇಳಬೇಕು. ಅನುಮಾನವಿದ್ದರೆ ಅದನ್ನು ಪ್ರಶ್ನೆಯಾಗಿ ಕೇಳಬೇಕು. ಚಿತ್ರ ತೆಗೆದವರು ಆ ಪ್ರಶ್ನೆಗೆ ಮಾತ್ರ ಉತ್ತರಿಸಬಹುದು. ಉಂಬಳದ ಕಥೆಗೆ ಈಗಲೂ ಅವಕಾಶವಿಲ್ಲ. ಆಮೇಲೆ ಏಳನೆಯ ಸಂಖ್ಯೆಯ ಚಿತ್ರಗಳನ್ನು ಮತ್ತೊಮ್ಮೆ ಹಾಕಿಸಿ, ನನ್ನ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದೆ. ನಾನು ಕಣ್ಣಾರೆ ಕಂಡದ್ದನ್ನು ಹೇಳಲಿಲ್ಲ. ಉತ್ತರ ಹೇಳುವ ಹಕ್ಕು ಅವರದು.

ಸೆಲ್ವಿ ಎದ್ದು ನಿಂತು ಉತ್ತರಿಸಿದರು. ಹನಿಗಳ ಪ್ರಶ್ನೆ ಬಂದಾಗ ಅವರು ಏನು ಹೇಳುವರೋ ನನಗೆ ಗೊತ್ತಿರಲಿಲ್ಲ. ನನಗೆ ಹೇಳಿದ್ದನ್ನೇ, ಸ್ಪ್ರೇ ಬಾಟಲಿನ ಸಮೇತ, ಎಲ್ಲರ ಮುಂದೆ ಹೇಳಿದರು. ನಾಗಭೂಷಣ ತಲೆ ಮೇಲೆ ಕೈ ಇಟ್ಟುಕೊಂಡ.

ಡಾಕ್ಟರು ಬಿಡಲಿಲ್ಲ. “ಕಂಡದ್ದು ಹೇಳ್ತೀನಿ, ಆಮೇಲೆ ಪ್ರಶ್ನೆ ಕೇಳ್ತೀನಿ, ಮೇಷ್ಟ್ರ ಹೊಸ ರೂಲ್ ಪ್ರಕಾರ. ಕಂಡದ್ದು: ಒಂದು ಫೋಟೋದಲ್ಲಿ ನೀರು ಹೊಡೆದಿದಾರೆ. ಪ್ರಶ್ನೆ: ಒಂದ್ರಲ್ಲಿ ಹೊಡೆದೋರು ಉಳಿದದ್ರಲ್ಲಿ ಅಂಟಿಸಿಲ್ಲ ಅಂತ ಏನ್ ಗ್ಯಾರಂಟಿ?”

ಒಪ್ಪಲೇಬೇಕಾದ ಪ್ರಶ್ನೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

“ಗ್ಯಾರಂಟಿ ಇಲ್ಲ ಡಾಕ್ಟ್ರೇ” ಎಂದರು ಸೆಲ್ವಿ. “ಮುಂದಿನ ಭಾನುವಾರ ಸಂಜೆ ಬನ್ನಿ. ಎಲ್ಲಾರೂ ಬನ್ನಿ. ಗೋಂದಿನ ಟ್ಯೂಬ್ ಹುಡುಕಕ್ಕೆ ಟಾರ್ಚೂ ತನ್ನಿ.”

ಆ ಭಾನುವಾರ ನಾವು ಏಳೆಂಟು ಮಂದಿ ಕ್ವಾರ್ಟರ್ಸಿನ ಹಿತ್ತಿಲಿಗೆ ಹೋದೆವು. ಹಿತ್ತಿಲು ಬೋಳಾಗಿತ್ತು. ವಾರದ ನಡುವೆ ಯಾರೋ ಬಂದು ಗಿಡಗಂಟಿಗಳನ್ನೆಲ್ಲ ಸವರಿ ಒಂದು ಮೂಲೆಯಲ್ಲಿ ಸುಟ್ಟಿದ್ದರು. ಮುರಿದ ಕವಲಿನ ಕಡ್ಡಿಯಿದ್ದ ಜಾಗದಲ್ಲಿ ಬೂದಿ ಇತ್ತು. ಸೆಲ್ವಿ ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತರು. ಅವರ ಅತ್ತೆ, ತಾವು ತಂದಿದ್ದ ಚಕ್ಕುಲಿಯ ಡಬ್ಬಿಯನ್ನು ಯಾರಿಗೂ ಕೊಡದೆ ಎದೆಗೊತ್ತಿಕೊಂಡು ನಿಂತರು.

“ಅನುಕೂಲವಾಗಿ ಸುಟ್ಟುಹೋಗಿದೆ” ಎಂದು ಒಬ್ಬರು ಗೊಣಗಿದರು. ಒಂದು ಕ್ಷಣ ನನ್ನ ಮನಸ್ಸೂ ಆ ಕಡೆ ಜಾರಿತೆಂದು ಹೇಳಬೇಕು. ಸ್ವತಃ ನೋಡಿದವನಿಗೇ ಹಾಗಾದರೆ ನೋಡದವರ ಪಾಡೇನು!

ಹೊರಡಲು ಅಣಿಯಾಗಿದ್ದೆವು. ಡಾಕ್ಟರು ಮಾತ್ರ ಕುಸಿದ ಗೋಡೆಯ ಬಳಿ ನಿಂತು, ಬಾಯಿಯೊಳಗೆ ನೋಡಲು ಬಳಸುವ ತಲೆದೀಪವನ್ನು ಹಣೆಗೆ ಕಟ್ಟಿಕೊಂಡು ಏನನ್ನೋ ಹುಡುಕುತ್ತಿದ್ದರು. ಗೋಂದಿನ ಟ್ಯೂಬನ್ನೇ ಇರಬೇಕು. ಇದ್ದಕ್ಕಿದ್ದಂತೆ ಅವರು ಕೈ ಮೇಲೆತ್ತಿದರು.

“ಯಾರೂ ಅಲ್ಲಾಡ್ಬೇಡಿ!”

ಎರಡು ಗೋಡೆಗಳ ನಡುವೆ, ಹಿಂದೆಂದೋ ಇದ್ದ ಸಂಸಾರ ಬಟ್ಟೆ ಒಣಗಿಸಲು ಕಟ್ಟಿದ ತುಕ್ಕುತಂತಿಯ ತುಂಡೊಂದು ನೇತಾಡುತ್ತಿತ್ತು. ಅದರ ತುದಿಯನ್ನು ಕಚ್ಚಿಕೊಂಡು ಮೂರು ನೀಲಿಪಟ್ಟಿಯ ನೊಣಗಳು ಗಾಳಿಯಲ್ಲಿ ಚಾಚಿಕೊಂಡಿದ್ದವು. ನಾಲ್ಕನೆಯದು ನಮ್ಮ ಕಣ್ಣೆದುರೇ ಬಂದು ತಂತಿಯ ಮೇಲೆ ಕುಳಿತು, ಕಚ್ಚಿ, ಕಾಲು ಬಿಡಿಸಿತು. ಡಾಕ್ಟರು ಮೂಗು ತಾಗುವಷ್ಟು ಹತ್ತಿರ ಹೋಗಿ ಬಹಳ ಹೊತ್ತು ನೋಡಿದರು. ಹಿಂದೆ ತಿರುಗಿದಾಗ ಅವರ ಮುಖ ಅರಳಿತ್ತು.

“ದವಡೆ ನೋಡಿ ಮಾರಾಯ್ರೆ, ದವಡೆ! ಇಡೀ ಮೈ ಭಾರ ಹಲ್ಲಿನ ಮೇಲೆ ಬಿಟ್ಟು ಮಲಗಿದೆ. ಇಂಥ ಕಚ್ಚು ನನ್ನ ಒಬ್ಬ ಪೇಷಂಟಿಗೂ ಇಲ್ಲ.” ಆಮೇಲೆ ತಲೆದೀಪವನ್ನು ಬಿಚ್ಚಿ ಸೆಲ್ವಿಯವರ ಕೈಗೆ ಕೊಟ್ಟರು. “ತಗೊಳ್ಳಿ ಮೇಡಂ, ನೀವೇ ನೋಡಿ. ಹೋಲ್‌ಸೇಲ್ ಅಂದಿದ್ದು ವಾಪಸ್ ತಗೊಂಡಿದೀನಿ. ಸ್ಪ್ರೇ ಬಗ್ಗೆ ಅಂದಿದ್ದು ತಗೊಂಡಿಲ್ಲ.”

“ಅದನ್ನ ತಗೋಬೇಡಿ” ಎಂದರು ಸೆಲ್ವಿ. “ಅದು ಸರಿಯಾಗೇ ಇತ್ತು.”

ಚಕ್ಕುಲಿಯ ಡಬ್ಬಿ ತೆರೆಯಿತು. “ನಿಮಗೆ ಐಸ್ ವಾಟರ್ ಬೇಕಾ ಸಾಮಿ?” ಎಂದು ಅತ್ತೆ ನನ್ನನ್ನು ಮಾತ್ರ ಕೇಳಿದರು.

ಅನುಮಾನವನ್ನು ನಾನು ಬಿಟ್ಟಿಲ್ಲ, ಬಿಡುವ ಉದ್ದೇಶವೂ ಇಲ್ಲ. ಅದಿಲ್ಲದಿದ್ದರೆ ಒಣ ಎಲೆಯ ಪಕ್ಕದ ಒದ್ದೆ ನೊಣ ನನಗೆ ಕಾಣುತ್ತಿರಲಿಲ್ಲ. ಆದರೆ ಅನುಮಾನ ಕಣ್ಣಿನ ಕೆಲಸ. ತೀರ್ಪು ಬರೆಯುವಷ್ಟು ಅದಕ್ಕೆ ತಿಳಿದಿರುವುದಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿ, ಕಾಣದ್ದನ್ನು ಎದುರಿಗಿರುವವರನ್ನೇ ಕೇಳಿ, ಉತ್ತರ ಬರುವವರೆಗೆ ಕಾಯುವುದು ಈ ಹುದ್ದೆ ನನಗೆ ಕಲಿಸಿದ ಪಾಠ. ಇಂದಿಗೂ ನನ್ನ ಪ್ರತಿ ಷರಾ ‘ನಾನು ಕಂಡದ್ದು’ ಎಂದು ಶುರುವಾಗಿ ಪ್ರಶ್ನಾರ್ಥಕ ಚಿಹ್ನೆಯಲ್ಲಿ ಮುಗಿಯುತ್ತದೆ. ಶಾಯಿ ಮಾತ್ರ ಈಗಲೂ ಕೆಂಪೇ.

ಆ ಭಾನುವಾರ ಕತ್ತಲಾಗುವ ಮುಂಚೆ ನಾವೆಲ್ಲ ಸೆಲ್ವಿಯವರ ಸ್ಟುಡಿಯೋಗೆ ಬಂದೆವು. ತರಗತಿ ಅಲ್ಲೇ ನಡೆಯಲೆಂದು, ಸೆಲ್ವಿಯವರೇ ಅದರ ಶಿಕ್ಷಕಿಯೆಂದು ನಾಗಭೂಷಣ ನಿಂತಲ್ಲೇ ಘೋಷಿಸಿದ. ಗಾಜಿನ ಹಿಂದಿನ ಮದುವೆಯ ಜೋಡಿಗಳನ್ನು ಕೆಳಗಿಳಿಸಿ ಏಳನೆಯ ಸಂಖ್ಯೆಯ ಆರೂ ಚಿತ್ರಗಳನ್ನು ತೂಗುಹಾಕಿದರು. ಹನಿಗಳ ಚಿತ್ರವನ್ನು ಬಿಟ್ಟುಬಿಡಬಹುದೆಂದು ಅವನು ಸೂಚಿಸಿದಾಗ ಸೆಲ್ವಿ ಒಪ್ಪಲಿಲ್ಲ. ನನ್ನ ಜೇಬಿನಿಂದ ಕೆಂಪು ಪೆನ್ನನ್ನು ಕೇಳಿ ಪಡೆದು, ಚೀಟಿಯೊಂದರಲ್ಲಿ ‘ನೀರು ಸಿಂಪಡಿಸಿದ್ದು ನಾನು’ ಎಂದು ಬರೆದು ಅದರ ಕೆಳಗೆ ಅಂಟಿಸಿದರು. ಅಂದು 2023ರ ಡಿಸೆಂಬರ್ 3, ಭಾನುವಾರ.